ಒಳ್ಳೇ ಮನೆಗೆ ಹೋಗುತ್ತೆ

"ಒಳ್ಳೇ ಮನೆಗೆ ಹೋಗುತ್ತೆ ಬಿಡು ಪುಟ್ಟಿ." ಅಯೋವಾದ ಒಂದು ದನದ ಕೊಟ್ಟಿಗೆಯ ಹೊರಗೆ, ಕೈಯಲ್ಲಿ ನಿಂಬೆ ಪಾನಕದ ಲೀಟರ್ ಗಾತ್ರದ ಲೋಟ ಹಿಡಿದುಕೊಂಡು, ಒಂಬತ್ತು ವರ್ಷದ ಮಗಳಿಗೆ ನಾನು ಹೇಳಿದ ಮಾತು ಇದು. ಬಾಯಿಂದ ಹೊರಬೀಳುವಾಗಲೇ ಇದು ನನ್ನ ಮಾತಲ್ಲ ಅನ್ನಿಸಿತು. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ತಾತ ನನಗೆ ಹೇಳಿದ್ದ ಮಾತು. ಪದಕ್ಕೆ ಪದ ಅದೇ. ಆವತ್ತು ನಾನು ನಂಬಿದ್ದೆ. ಮಗಳು ನಂಬಲಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಅಪ್ಪ, ಆ ಹುಡುಗಿನೇ ಹೇಳಿದ್ಲಲ್ಲ, ಇವತ್ತು ರಾತ್ರಿ ಟ್ರಕ್ ಬರುತ್ತೆ ಅಂತ" ಅಂದಳು.

ಆ ಪ್ರವಾಸ ಮುಗಿದು ಎರಡು ಬೇಸಿಗೆ ಕಳೆದಿವೆ. ಹೋಗಿದ್ದು ಕೊಲೊರಾಡೋದ ಬೆಟ್ಟ ನೋಡಲು. ಬೆಟ್ಟದ ಫೋಟೋಗಳು ಫೋನಿನ ಯಾವ ಮೂಲೆಯಲ್ಲಿವೆಯೋ, ತೆಗೆದು ನೋಡಿದ್ದಿಲ್ಲ. ದಾರಿಯಲ್ಲಿ ಲೆಕ್ಕಕ್ಕಿಲ್ಲದೆ ಸಿಕ್ಕ ಕೆಲವು ಗಂಟೆ ಮಾತ್ರ ಇವತ್ತಿಗೂ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಕೂತಿದೆ.

ಟೈರು ಪಂಕ್ಚರ್ ಆದದ್ದು

ಶಿಕಾಗೋದಿಂದ ಇಂಟರ್‌ಸ್ಟೇಟ್ 80 ಹಿಡಿದು ಪಶ್ಚಿಮಕ್ಕೆ ಹೊರಟರೆ ಮಿಸಿಸಿಪಿ ನದಿ ದಾಟಿದ ಮೇಲೆ ಅಯೋವಾ. ಅಲ್ಲಿಂದ ಮುಂದೆ ಮುನ್ನೂರು ಮೈಲಿ ಮುಸುಕಿನ ಜೋಳ, ಸೋಯಾ, ಮತ್ತೆ ಮುಸುಕಿನ ಜೋಳ. ಈ ರಾಜ್ಯದಲ್ಲಿ ಜನರಿಗಿಂತ ಹಂದಿಗಳೇ ಹೆಚ್ಚು, ತಲೆಗೆ ಏಳರ ಲೆಕ್ಕ ಬೀಳುತ್ತದೆ. ಆದರೆ ರಸ್ತೆಯಿಂದ ಒಂದೂ ಕಾಣುವುದಿಲ್ಲ. ಉದ್ದನೆಯ ತಗಡಿನ ಶೆಡ್ಡುಗಳು ಮಾತ್ರ ಕಾಣುತ್ತವೆ. ಜೋಳ ಜುಲೈ ನಾಲ್ಕರ ಹೊತ್ತಿಗೆ ಮೊಣಕಾಲುದ್ದ ಬಂದರೆ ಬೆಳೆ ಚೆನ್ನಾಗಿದೆ ಅಂತ ಇಲ್ಲಿಯ ಹಳೇ ಲೆಕ್ಕ. ಈಗಿನ ಹೈಬ್ರಿಡ್ ತಳಿಗಳಿಗೆ ಆ ಲೆಕ್ಕ ಸಾಲದು. ನಾವು ಹೋದದ್ದು ಜುಲೈ ಮೂರನೇ ವಾರ, ಆಗಲೇ ಆಳೆತ್ತರ ಮೀರಿ ನಿಂತಿತ್ತು. ಅಷ್ಟೂ ಎಲೆ ಉಸಿರಾಡಿದ ನೀರೆಲ್ಲ ಗಾಳಿಗೆ ಸೇರಿ ಕಾರಿನ ಬಾಗಿಲು ತೆಗೆದರೆ ಸಾಕು, ಮುಖಕ್ಕೆ ಇಡ್ಲಿ ಪಾತ್ರೆಯ ಹಬೆ ಹೊಡೆದ ಹಾಗಾಗುತ್ತಿತ್ತು. ನನ್ನ ಹೆಂಡತಿ ಮಂಗಳೂರಿನವಳು. "ಅಂತೂ ಅಮೆರಿಕದಲ್ಲಿ ಒಂದು ಕಡೆ ನಮ್ಮೂರಿನ ಸೆಖೆ ಸಿಕ್ತು ಮಾರಾಯ್ರೆ" ಅಂದಳು.

ಟೈರಿನ ದೀಪ ಹೊತ್ತಿಕೊಂಡದ್ದು ಹೆದ್ದಾರಿಯಿಂದ ಐದು ಮೈಲಿ ಒಳಗಿರುವ ಒಂದು ಸಣ್ಣ ಊರಿನ ಹತ್ತಿರ. ಒಂದು ನೀರಿನ ಟ್ಯಾಂಕು, ಒಂದು ಧಾನ್ಯದ ಗೋಪುರ, ಎರಡು ಚರ್ಚು, ಒಂದು ಟೈರ್ ಅಂಗಡಿ, ಅಷ್ಟೇ ಊರು. ಅಂಗಡಿಯವನು ಅರವತ್ತರ ಆಸುಪಾಸಿನವನು. ಟೈರಿಗೆ ಕೈ ಆಡಿಸಿ, ಮೊಳೆ ತೋರಿಸಿ, ಟೈರಿನ ಪಕ್ಕೆಗೇ ಹೊಕ್ಕಿದೆ, ಪ್ಯಾಚ್ ಹಾಕಿ ಪ್ರಯೋಜನವಿಲ್ಲ, ಬೇರೆ ಟೈರು ಮುಂದಿನ ಊರಿಂದ ತರಿಸಬೇಕು, ಸಂಜೆಯಾಗುತ್ತೆ ಅಂದ. ಅಷ್ಟು ಹೊತ್ತು ನಾವೇನು ಮಾಡುವುದು ಅಂತ ಕೇಳಿದ್ದಕ್ಕೆ, ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ ನೋಡಿ, "ಫೇರ್ ನಡೀತಿದೆಯಲ್ಲ, ನಾನೂ ಮಧ್ಯಾಹ್ನ ಅಂಗಡಿ ಮುಚ್ಚಿ ಅಲ್ಲಿಗೇ ಹೋಗ್ತೀನಿ" ಅಂದ. ತನ್ನ ಪಿಕಪ್‌ನಲ್ಲಿ ನಮ್ಮನ್ನು ಕೂರಿಸಿಕೊಂಡು ಗೇಟಿನವರೆಗೆ ಬಿಟ್ಟ.

ಐದು ಬೀನ್ಸು ಒಂದು ತಟ್ಟೆ

ಅಯೋವಾದಲ್ಲಿ 99 ಕೌಂಟಿಗಳು, ನಮ್ಮ ಜಿಲ್ಲೆಗಳಿದ್ದ ಹಾಗೆ. ಪ್ರತಿಯೊಂದಕ್ಕೂ ವರ್ಷಕ್ಕೊಂದು ಜಾತ್ರೆ ಉಂಟು, ಅದಕ್ಕೇ ಫೇರ್ ಅನ್ನುವುದು. ಆಗಸ್ಟಿನಲ್ಲಿ ಡೆ ಮಾಯ್ನ್ ನಗರದಲ್ಲಿ ನಡೆಯುವ ರಾಜ್ಯದ ಮೇಳಕ್ಕೆ ಹತ್ತು ಲಕ್ಷ ಜನ ಸೇರುತ್ತಾರೆ, ಬೆಣ್ಣೆಯಲ್ಲಿ ಕಡೆದ ಹಸು ನೋಡಲು ಸಾಲು ನಿಲ್ಲುತ್ತಾರೆ. ಆ ಬೆಣ್ಣೆ ಹಸುವಿನ ಪದ್ಧತಿ 1911ರಿಂದ ನಡೆದುಬಂದಿದೆ. ಇದು ಅಂಥದ್ದಲ್ಲ. ಇಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಪರಿಚಯವಿಲ್ಲದವರು ಅಂದರೆ ನಾವು ಮೂವರೇ. ಆದರೂ ಯಾರೂ ನಮ್ಮನ್ನು ದಿಟ್ಟಿಸಲಿಲ್ಲ. ಬಿಸಿಲು ಎಷ್ಟು ಅಂತ ಮಾತಾಡಿಸಿ ಮುಂದೆ ಹೋದರು.

ರಾಟೆ ತೊಟ್ಟಿಲು, ಮರದ ಕುದುರೆ, ಬಳೆ ಎಸೆದು ಬೊಂಬೆ ಗೆಲ್ಲುವ ಆಟ, ಇವೆಲ್ಲ ನಮ್ಮ ಜಾತ್ರೆಗಳಲ್ಲಿ ಇರುವಂಥವೇ. ಕಡ್ಡಿಗೆ ಚುಚ್ಚಿದ ಹಂದಿ ಚಾಪ್ಸು, ಎಣ್ಣೆಯಲ್ಲಿ ಸುರುಳಿ ಬಿಟ್ಟು ಕರಿದು ಮೇಲೆ ಸಕ್ಕರೆ ಪುಡಿ ಉದುರಿಸಿದ ಫನಲ್ ಕೇಕು. ಎರಡನೆಯದು ಥೇಟ್ ಪಾಕಕ್ಕೆ ಅದ್ದುವುದನ್ನು ಮರೆತ ಜಿಲೇಬಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರದರ್ಶನದ ಸಭಾಂಗಣ. ಉದ್ದನೆಯ ಮೇಜುಗಳ ಮೇಲೆ ಕಾಗದದ ತಟ್ಟೆಗಳು. ಒಂದು ತಟ್ಟೆಯಲ್ಲಿ ಐದು ಬೀನ್ಸು. ಪಕ್ಕದ ತಟ್ಟೆಯಲ್ಲಿ ಇನ್ನೈದು. ಐದಕ್ಕೈದೂ ಒಂದೇ ಉದ್ದ, ಒಂದೇ ಬಾಗು ಇರಬೇಕು, ಬೆಳೆದದ್ದರಲ್ಲಿ ದೊಡ್ಡದನ್ನು ತಂದಿಟ್ಟರೆ ಆಗಲಿಲ್ಲ. ಮೂರು ಕ್ಯಾರೆಟ್ಟು. ಒಂದು ಮೂಲೆ ಮುರಿದು ರುಚಿ ನೋಡಿದ ನಾಲ್ಕು ಬಿಸ್ಕತ್ತು. ಕೌದಿ ನೆನಪಿಸುವ ತುಂಡು ಬಟ್ಟೆಯ ಹೊದಿಕೆಗಳು. ಪ್ರತಿಯೊಂದರ ಜೊತೆ ತೀರ್ಪುಗಾರರು ಪೆನ್ನಿನಲ್ಲಿ ಬರೆದ ಚೀಟಿ. ಒಂದು ಉಪ್ಪಿನಕಾಯಿ ಬಾಟಲಿಯ ಮೇಲೆ ಹೀಗಿತ್ತು: ಮುಚ್ಚಳದ ಕೆಳಗೆ ಜಾಗ ಹೆಚ್ಚು ಬಿಟ್ಟಿದ್ದೀಯ, ಬಣ್ಣ ಚೆನ್ನಾಗಿದೆ. ಬರೆದವರ ಕೈಬರಹ ನಮ್ಮ ಪ್ರೈಮರಿ ಸ್ಕೂಲ್ ಟೀಚರ ಕೆಂಪು ಶಾಯಿಯ ಬರಹದ ತಂಗಿಯ ಹಾಗಿತ್ತು.

ಇಲ್ಲಿಯ ಬಹುಮಾನದ ಲೆಕ್ಕ ನನಗೆ ಹಿಡಿಸಿತು. ನೀಲಿ ರಿಬ್ಬನ್ ಅಂದರೆ ಮೊದಲನೇ ಸ್ಥಾನ ಅಂದುಕೊಂಡಿದ್ದೆ. ಆದರೆ ಮಕ್ಕಳ ವಿಭಾಗದಲ್ಲಿ ಒಬ್ಬರ ಜೊತೆ ಒಬ್ಬರನ್ನು ತೂಗುವುದಿಲ್ಲ, ಒಂದು ಗುಣಮಟ್ಟದ ಜೊತೆ ತೂಗುತ್ತಾರೆ. ಮಟ್ಟ ಮುಟ್ಟಿದವರಿಗೆಲ್ಲ ನೀಲಿ, ಕೊಂಚ ಕಡಿಮೆಯಾದರೆ ಕೆಂಪು, ಇನ್ನೂ ಕಲಿಯುವುದಿದ್ದರೆ ಬಿಳಿ. ಎಲ್ಲರೂ ನೀಲಿ ಗೆಲ್ಲಬಹುದು. ಎಲ್ಲರಿಗೂ ಬಿಳಿಯೇ ಬರಬಹುದು. ಆಮೇಲೆ ಬೇಕಾದರೆ ನೀಲಿಯವರಲ್ಲೇ ಒಬ್ಬರನ್ನು ಆರಿಸಿ ನೇರಳೆ ಕೊಡುತ್ತಾರೆ. ಎಸ್ಎಸ್ಎಲ್‌ಸಿ ರ‍್ಯಾಂಕಿನ ಪಟ್ಟಿ ಪೇಪರಿನಲ್ಲಿ ಹುಡುಕಿಕೊಂಡು ಬೆಳೆದವನಿಗೆ ಇದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಈ ವಿಭಾಗ ನಡೆಸುವ ಮಕ್ಕಳ ಸಂಘಕ್ಕೆ ಫೋರ್-ಎಚ್ ಅಂತ ಹೆಸರು. ತಲೆ, ಎದೆ, ಕೈ, ಆರೋಗ್ಯ, ಇಂಗ್ಲಿಷಿನಲ್ಲಿ ನಾಲ್ಕೂ ಎಚ್ ಅಕ್ಷರದಿಂದ ಶುರುವಾಗುತ್ತವೆ. ನಾಲ್ಕೆಲೆಯ ಹಸಿರು ಗುರುತು ಎಲ್ಲ ಕಡೆ. ಈ ಗುರುತಿನ ಹಿಂದೆ ಇದೇ ಅಯೋವಾದ ಪೇಜ್ ಕೌಂಟಿಯ ಜೆಸ್ಸಿ ಫೀಲ್ಡ್ ಅನ್ನುವ ಹಳ್ಳಿ ಶಾಲೆಯ ಮೇಡಂ ಇದ್ದಾರೆ. 1901ರಲ್ಲಿ ಶಾಲೆ ಬಿಟ್ಟ ಮೇಲೆ ಹುಡುಗರಿಗೆ ಜೋಳದ ಸಂಘ, ಹುಡುಗಿಯರಿಗೆ ಮನೆವಾರ್ತೆಯ ಸಂಘ ಶುರು ಮಾಡಿದವರು. 1910ರಲ್ಲಿ ಅವರು ಮಾಡಿಸಿದ ಬಿಲ್ಲೆಯಲ್ಲಿ ಮೂರೇ ಎಲೆ ಇತ್ತು, ನಾಲ್ಕನೆಯದು ಆಮೇಲೆ ಬಂತು. ಅದಕ್ಕೂ ನೂರು ವರ್ಷ ಹಿಂದೆ, 1807ರಲ್ಲಿ, ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನ ಮಧ್ಯದ ಮರದ ಕೆಳಗೆ ಎಲ್ಕೇನಾ ವಾಟ್ಸನ್ ಅನ್ನುವ ಆಸಾಮಿ ಎರಡು ಮೆರಿನೋ ಕುರಿ ಕಟ್ಟಿ ಜನಕ್ಕೆ ತೋರಿಸಿದ್ದ. ಮಾರಲು ತಂದ ಕುರಿಗಳಲ್ಲ, ನೋಡಿ ಕಲಿಯಲಿ ಅಂತ ತಂದವು. ಅಮೆರಿಕದ ಈ ಜಾತ್ರೆಗಳ ಬೇರು ಅಲ್ಲಿದೆ ಅನ್ನುತ್ತಾರೆ. ನಮ್ಮ ಜಾತ್ರೆಯಲ್ಲಿ ದೇವರು ಮೊದಲು, ದನ ಆಮೇಲೆ. ಇಲ್ಲಿ ಪಾಠ ಮೊದಲು, ಜಿಲೇಬಿ ಆಮೇಲೆ. (ಹಾಗೆ ನೋಡಿದರೆ ಈ ಪಾಠದ ಜಾತ್ರೆಗೆ ನಮ್ಮಲ್ಲೂ ಒಬ್ಬ ನೆಂಟನಿದ್ದಾನೆ. ಕೃಷಿ ಕಾಲೇಜಿಗೆ ಸರ್ಕಾರದ ಜಮೀನು ಕೊಡುವ 1862ರ ಕಾಯ್ದೆಯನ್ನು ಮೊಟ್ಟಮೊದಲು ಒಪ್ಪಿಕೊಂಡ ರಾಜ್ಯ ಅಯೋವಾ. ಅದೇ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ, 1964ರಲ್ಲಿ ಎದ್ದದ್ದು ಬೆಂಗಳೂರಿನ ನಮ್ಮ ಕೃಷಿ ವಿಶ್ವವಿದ್ಯಾಲಯ. ಜಿಕೆವಿಕೆ ಕೃಷಿ ಮೇಳಕ್ಕೆ ತಾತನ ಜೊತೆ ನಾನೂ ಹೋಗಿದ್ದೇನೆ. ಅಲ್ಲಿ ನಾವು ನೋಡುವವರು, ಯೂನಿವರ್ಸಿಟಿಯವರು ತೋರಿಸುವವರು. ಯಾವ ರೈತನ ಮಗಳೂ ತಾನು ಬೆಳೆದ ಐದು ಬೀನ್ಸನ್ನು ತಟ್ಟೆಯಲ್ಲಿಟ್ಟು ನಿಂತದ್ದು ನೆನಪಿಲ್ಲ.)

ಬಿಸ್ಕೆಟ್

ದನದ ಶೆಡ್ಡಿನಲ್ಲಿ ಪೆಡಸ್ಟಲ್ ಫ್ಯಾನುಗಳ ಭೋರಿಡುವ ಸದ್ದು. ನೆಲಕ್ಕೆ ಮರದ ಹೊಟ್ಟು. ಸಗಣಿ ಬಿದ್ದ ಕೂಡಲೇ ಯಾವುದಾದರೂ ಮಗು ಓಡಿ ಬಂದು ಎತ್ತುತ್ತದೆ. ವಾಸನೆ ಮಾತ್ರ ನಮ್ಮ ಕೊಟ್ಟಿಗೆಯದ್ದಲ್ಲ, ಗಂಜಳದ ಜೊತೆ ಶಾಂಪೂ ಸೇರಿದ ವಾಸನೆ. ಹದಿನಾಲ್ಕು ವರ್ಷದ ಒಬ್ಬಳು ಹುಡುಗಿ ತನ್ನ ಪ್ರಾಣಿಯ ಕಾಲಿನ ಕೂದಲನ್ನು ಬ್ಲೋಯರ್‌ನಿಂದ ಮೇಲಕ್ಕೆ ಊದಿ, ಅಂಟಿನ ಸ್ಪ್ರೇ ಹೊಡೆದು ನಿಲ್ಲಿಸುತ್ತಿದ್ದಳು. ಕಾಲು ದಪ್ಪ ಕಾಣಲಿ ಅಂತ. ಮದುವಣಗಿತ್ತಿಗೂ ಇಷ್ಟು ಮಾಡುವುದಿಲ್ಲ. ಕಪ್ಪು ಆಂಗಸ್ ತಳಿ. ಹಿಣಿಲಿಲ್ಲ, ಕೊಂಬಿಲ್ಲ, ಗಂಗೆದೊಗಲು ಹೆಸರಿಗಷ್ಟೇ. ನಾಲ್ಕು ಕಾಲಿನ ಮೇಲೆ ಒಂದು ಪೆಟ್ಟಿಗೆ ಇಟ್ಟ ಹಾಗೆ. ಹಳ್ಳಿಕಾರ್ ನೋಡಿದ ಕಣ್ಣಿಗೆ ಇದರಲ್ಲಿ ಏನು ಚೆಂದವೋ ತಿಳಿಯದು.

ಇದಕ್ಕೆ ಸ್ಟಿಯರ್ ಅನ್ನುತ್ತಾರೆ. ಬೀಜ ಒಡೆಸಿದ ಹೋರಿ. ಅಂದರೆ ನಮ್ಮ ಲೆಕ್ಕದಲ್ಲಿ ಎತ್ತು. ಆದರೆ ನೊಗ ಕಾಣದ, ಕಾಣಬೇಕಿಲ್ಲದ ಎತ್ತಿಗೆ ನಮ್ಮೂರಲ್ಲಿ ಹೆಸರಿಲ್ಲ, ಯಾಕೆಂದರೆ ಅಂಥದ್ದೊಂದು ಪ್ರಾಣಿ ನಮ್ಮೂರಲ್ಲಿ ಇರಲೇ ಇಲ್ಲ. ಹುಡುಗಿ ನನ್ನ ಮಗಳನ್ನು ಕರೆದು ತನ್ನ ಕೋಲು ಕೈಗೆ ಕೊಟ್ಟಳು. ಉದ್ದನೆಯ, ತುದಿಗೆ ಸಣ್ಣ ಕೊಕ್ಕೆಯಿರುವ ಕೋಲು. ಅದರಲ್ಲಿ ಗೊರಸು ಸರಿಸಿ ನಿಲ್ಲಿಸುತ್ತಾರೆ, ಹೊಟ್ಟೆಯಡಿ ಕೆರೆದು ಸಮಾಧಾನ ಮಾಡುತ್ತಾರೆ. "ಇಲ್ಲಿ ಕೆರಿ, ಬಿಸ್ಕೆಟ್‌ಗೆ ಇಲ್ಲಿ ಇಷ್ಟ" ಅಂದಳು. ಮಗಳು ಕೆರೆದಳು. ಬಿಸ್ಕೆಟ್ ಕಣ್ಣು ಅರೆಮುಚ್ಚಿತು.

ಆಮೇಲೆ ಆ ಹುಡುಗಿ ಒಂದು ಫೈಲು ತೆಗೆದು ತೋರಿಸಿದಳು. ಅಕ್ಟೋಬರಿನಲ್ಲಿ ಕರು ತಂದಾಗ 250 ಕಿಲೋ, ಈಗ 608. ದಿನಕ್ಕೆ ಒಂದೂಕಾಲು ಕಿಲೋ ಮೈ ತುಂಬಿದೆ. ಎಷ್ಟು ಜೋಳ, ಎಷ್ಟು ಹುಲ್ಲು, ಯಾವ ಚುಚ್ಚುಮದ್ದು ಯಾವತ್ತು, ಒಟ್ಟು ಖರ್ಚು ಎಷ್ಟು, ಎಲ್ಲ ಅವಳದೇ ಕೈಬರಹ. ನನ್ನ ಮಗಳು ಕೇಳಿದಳು, ನಾಳೆ ಇದನ್ನು ಮನೆಗೆ ಕರಕೊಂಡು ಹೋಗ್ತೀಯಾ ಅಂತ. ಹುಡುಗಿ ಫೈಲು ಮುಚ್ಚಿದಳು. "ಇಲ್ಲ, ಇವತ್ತು ಹರಾಜು. ರಾತ್ರಿ ಟ್ರಕ್ ಬರುತ್ತೆ. ಅವನು ಬೀಫ್ ಆಗ್ತಾನೆ." ದನಿ ನಡುಗಲಿಲ್ಲ. ಕೈ ಮಾತ್ರ ಬಿಸ್ಕೆಟ್‌ನ ಕಿವಿಯ ಹಿಂದೆ ಆಡುತ್ತಲೇ ಇತ್ತು.

ಇಷ್ಟೆಲ್ಲ ನಡೆದಾಗ ನಾನು ಪಾನಕ ತರಲು ಹೋಗಿದ್ದೆ. ಹೆಂಡತಿ ಆಮೇಲೆ ಹೇಳಿದ್ದು. ಹಾಗಾಗಿಯೇ, ಮಗಳು ಹೊರಗೆ ಬಂದು ಬಿಸ್ಕೆಟ್ ಎಲ್ಲಿಗೆ ಹೋಗುತ್ತೆ ಅಂತ ಕೇಳಿದಾಗ ನಾನು ಧೈರ್ಯವಾಗಿ ಸುಳ್ಳು ಹೇಳಿದ್ದು. ಗೊತ್ತಿದ್ದೇ ಕೇಳಿದಳು ಅವಳು. ನಾನೇನು ಹೇಳುತ್ತೇನೆ ಅಂತ ನೋಡಲು.

ಟವೆಲ್ ಕೆಳಗೆ

ಘಾಟಿಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ದೇವರನ್ನು ಕನ್ನಡಿಯಲ್ಲಿ ನೋಡಬೇಕು. ತಾತ ನನ್ನನ್ನು ಹೆಗಲ ಮೇಲೆ ಎತ್ತಿ ತೋರಿಸಿದ್ದು, ನನಗೆ ಕನ್ನಡಿಯಲ್ಲಿ ದೇವರಿಗಿಂತ ಮೊದಲು ತಾತನ ರುಮಾಲು ಕಂಡದ್ದು ನೆನಪಿದೆ. ಪುಷ್ಯದ ಚಳಿ. ಊರಿಂದ ರಾತ್ರಿಯೇ ಹೊರಟು ಕರಿಯ, ಬಿಳಿಯ ಎರಡೂ ಎತ್ತನ್ನು ನಡೆಸಿಕೊಂಡು ಬಂದಿದ್ದೆವು. ತೋಪುಗಳ ತುಂಬ ದನ, ಹುಲ್ಲಿನ ಹೊರೆ, ಒಲೆಯ ಹೊಗೆ. ಶ್ರೀಮಂತರ ಜೋಡಿಗಳಿಗೆ ಶಾಮಿಯಾನ, ವಾಲಗ, ಕೊಂಬಿಗೆ ಹಿತ್ತಾಳೆ ಅಣಸು. ನಮ್ಮವು ಹುಣಸೆ ಮರದ ಕೆಳಗೆ. ಬಂದವರೆಲ್ಲ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುವವರು, ಆಮೇಲೆ ಸುಳಿ ಹುಡುಕುವವರು. ವಯಸ್ಸಿನ ಲೆಕ್ಕ ಹಲ್ಲಿನಲ್ಲೇ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಲ್ಲ ಬಂದ ಮೇಲೆ ಬಾಯ್ಗೂಡಿತು ಅಂತ. ನಮ್ಮವು ಬಾಯ್ಗೂಡಿ ಎಷ್ಟೋ ವರ್ಷವಾಗಿತ್ತು. ಕರಿಯ ಹಿಂದಿನ ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ತಾತ ಅದನ್ನು ಮರದ ಬುಡಕ್ಕೆ ಒತ್ತಿ ಕಟ್ಟಿದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ದಲ್ಲಾಳಿ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ತಾತನ ಕೈ ಮೇಲೆ ಹೊದಿಸಿದ. ಅದರ ಕೆಳಗೆ ಇಬ್ಬರ ಕೈಯೂ ಸೇರಿತು. ಇನ್ನು ಮಾತಿಲ್ಲ. ಬೆರಳು ಹಿಡಿದರೆ ಒಂದು ಲೆಕ್ಕ, ಬಿಟ್ಟರೆ ಒಂದು, ಅಂಗೈ ಅದುಮಿದರೆ ಇನ್ನೊಂದು. ಬೆರಳೊಂದಕ್ಕೆ ನೂರೋ ಸಾವಿರವೋ ಅನ್ನುವುದು ಅವರಿಬ್ಬರಿಗೇ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಅಲುಗಾಟವೊಂದೇ. ನಾನು ತಾತನ ಮುಖ ನೋಡುತ್ತಿದ್ದೆ. ಒಂದು ಸಲ ಕೈ ಕಿತ್ತುಕೊಂಡು ಎದ್ದೇ ಬಿಟ್ಟ. ದಲ್ಲಾಳಿ ನಕ್ಕು ಮತ್ತೆ ಕೂರಿಸಿದ. ಮತ್ತೆ ಟವೆಲ್ಲು. ಕೊನೆಗೆ ತಾತ ತಲೆ ಆಡಿಸಿದ. ಕೊಂಡವನ ಮುಖವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ತಾತನೂ ನೋಡಿರಲಿಕ್ಕಿಲ್ಲ. ಊರು ಯಾವುದು, ಹೊಲ ಎಷ್ಟು ಅಂತ ಏನೂ ಕೇಳಲಿಲ್ಲ. ನನ್ನ ತಾತ ಬಸ್ಸಿನ ಕಂಡಕ್ಟರನ್ನೂ ಯಾವೂರಪ್ಪ ಅಂತ ಕೇಳುತ್ತಿದ್ದವನು.

ದುಡ್ಡು ಎಣಿಸಿಕೊಂಡ ಮೇಲೆ ಗೆಜ್ಜೆ ಬಿಚ್ಚಿದ, ಹಗ್ಗ ಬಿಚ್ಚಿದ. ದನ ಕೊಟ್ಟರೂ ಹಗ್ಗ ಕೊಡಬಾರದು ಅಂತ ಅವನ ಲೆಕ್ಕ. ಕೊಂಡವನು ತಂದ ಹೊಸ ನೈಲಾನ್ ಹಗ್ಗದಲ್ಲಿ ಕರಿಯ, ಬಿಳಿಯ ಹೋದವು. ಕರಿಯ ಕಾಲು ಎಳೆಯುತ್ತಲೇ ಹೋಯಿತು. ನಾನು ಅತ್ತೆ. "ಒಳ್ಳೆ ಮನೆಗೆ ಓಗ್ತವೆ ಬುಡು ಮಗ" ಅಂದ ತಾತ, ಒಂದು ಪೊಟ್ಟಣ ಕಡ್ಲೆಪುರಿ ಕೊಡಿಸಿದ. ಹಳೇ ಹಗ್ಗವನ್ನು ಸುರುಳಿ ಸುತ್ತಿ ಟವೆಲ್ಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದ.

ನಾವು ಮಾಂಸ ತಿನ್ನುವ ಜನವೇ. ಊರಹಬ್ಬಕ್ಕೆ ಮೂರು ತಿಂಗಳು ಸಾಕಿದ ಮರಿಯನ್ನು ಕಡಿದಾಗ ಯಾರೂ ನಮ್ಮಿಂದ ಏನೂ ಮುಚ್ಚಿಟ್ಟವರಲ್ಲ. ಅಂಗಳದಲ್ಲೇ ನಡೆಯುತ್ತಿತ್ತು. ಎತ್ತಿನ ವಿಷಯದಲ್ಲಿ ಮಾತ್ರ ಟವೆಲ್ಲು. ಉತ್ತ ಎತ್ತನ್ನು ಸಾಯುವ ತನಕ ಸಾಕುವ ಶಕ್ತಿ ಎರಡೂವರೆ ಎಕರೆಯ ತಾತನಿಗೆ ಇರಲಿಲ್ಲ. ಕಳಿಸಿದೆ ಅಂತ ಬಾಯಿಬಿಟ್ಟು ಹೇಳುವ ಶಕ್ತಿಯೂ ಇರಲಿಲ್ಲ. ನಡುವೆ ಒಂದು ಜಾತ್ರೆ ಇತ್ತು. ಅಲ್ಲಿ ಕೊಡುವವನು ಕೇಳುವುದಿಲ್ಲ, ಕೊಳ್ಳುವವನು ಹೇಳುವುದಿಲ್ಲ. ಇದಕ್ಕೆ ತಾತನನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಅದನ್ನೇ ಪುಣ್ಯ ಅಂತ ಹೇಳಿಕೊಂಡು, "ಅಯ್ಯೋ, ಈ ಅಮೆರಿಕದವರು ಹೆಸರಿಟ್ಟು ಸಾಕಿದ್ದನ್ನೇ ತಿಂತಾರಲ್ಲ" ಅಂತ ಮನೆಮನೆಯಿಂದ ಅಡುಗೆ ತರುವ ನಮ್ಮ ಪಾಟ್‌ಲಕ್ ಊಟಗಳಲ್ಲಿ ಚಿಕನ್ ಬಿರಿಯಾನಿ ತಟ್ಟೆ ಹಿಡಿದು ಮಾತಾಡುವಾಗ, ಈಚೆಗೆ ನನಗೆ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ.

ಹರಾಜು

ನಾಲ್ಕು ಗಂಟೆಗೆ ಹರಾಜು ಶುರುವಾಯಿತು. ಮರದ ಮೆಟ್ಟಿಲುಗಳಲ್ಲಿ ಊರೇ ಕೂತಿತ್ತು. ಹರಾಜು ಕೂಗುವವನ ಬಾಯಿಂದ ಅಂಕಿಗಳು ಹೊರಡುತ್ತಿದ್ದದ್ದು ಮಾತಿನ ಹಾಗಲ್ಲ, ತನಿ ಆವರ್ತನದಲ್ಲಿ ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲಿನ ಹಾಗೆ. ನಡುನಡುವೆ ಅವನ ಸಹಾಯಕರು ಕೈ ಎತ್ತಿದವರನ್ನು ತೋರಿಸಿ "ಯೆಪ್!" ಅಂತ ಕಿರುಚುವರು. ಬೆಲೆ, ಕೊಂಡವರ ಹೆಸರು, ಮಗುವಿನ ಹೆಸರು, ಎಲ್ಲ ಮೈಕಿನಲ್ಲಿ. ಟವೆಲ್ಲಿಗೆ ಇಲ್ಲಿ ಕೆಲಸವೇ ಇಲ್ಲ.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಲೆಕ್ಕ ಬಿಡಿಸಿ ಹೇಳಿದರು. ಪ್ರಾಣಿಯ ತೂಕದ ಬೆಲೆಯನ್ನು ಕಸಾಯಿ ಕಾರ್ಖಾನೆ ಮಾರುಕಟ್ಟೆ ದರದಲ್ಲಿ ಕೊಡುತ್ತದೆ. ಇಲ್ಲಿ ಕೂಗುತ್ತಿರುವುದು ಅದರ ಮೇಲಿನ ಹಣ. ಊರಿನ ಬ್ಯಾಂಕು, ಬೀಜದಂಗಡಿ, ದನದ ಡಾಕ್ಟರು, ಟ್ರ್ಯಾಕ್ಟರ್ ಮಾರುವವರು, ಇವರೆಲ್ಲ ಕೊಡುವುದು. ಪ್ರಾಣಿ ಅವರ ಮನೆಗೆ ಬರುವುದಿಲ್ಲ. ಆ ಹಣ ಮಗುವಿನ ಕಾಲೇಜಿಗೆ. ಮಗು ಆಮೇಲೆ ಕೃತಜ್ಞತೆಯ ಪತ್ರ ಬರೆಯಬೇಕು, ಬರೆಯದಿದ್ದರೆ ಊರೆಲ್ಲ ಆಡಿಕೊಳ್ಳುತ್ತದೆ. ನಮ್ಮ ಕಡೆಯ ಮುಯ್ಯಿಯ ಹಾಗೆ ಅಂದುಕೊಂಡೆ. ಇವತ್ತು ನಾನು ನಿನ್ನ ಮಗಳಿಗೆ, ನಾಳೆ ನೀನು ನನ್ನ ಅಂಗಡಿಗೆ. ಇದರಲ್ಲಿ ವ್ಯಾಪಾರವಿಲ್ಲ ಅಂತ ಹೇಳಿದರೆ ಅದೂ ಇನ್ನೊಂದು ಟವೆಲ್ಲಾಗುತ್ತದೆ. ಇನ್ನೊಂದು ಮಾತು ಅವರು ಹೇಳಲಿಲ್ಲ, ನನಗೆ ತೋಚಿದ್ದು. ಇಡೀ ರಾಜ್ಯದ ಕೋಟ್ಯಂತರ ಹಂದಿಗಳು ಆ ತಗಡಿನ ಶೆಡ್ಡುಗಳಲ್ಲಿ ಹೆಸರಿಲ್ಲದೆ, ಯಾರೂ ಕಿವಿ ಕೆರೆಯದೆ ಬೆಳೆದು ಹೋಗುತ್ತವೆ. ವರ್ಷಕ್ಕೊಂದು ವಾರ ಇಲ್ಲಿ ನಾಲ್ಕು ಪ್ರಾಣಿಗಳಿಗೆ ಹೆಸರು, ಶಾಂಪೂ, ಕಣ್ಣೀರು.

ಬಿಸ್ಕೆಟ್ ಬಂತು. ಹುಡುಗಿ ಬೆಳಗ್ಗೆ ನೋಡಿದ ಹುಡುಗಿಯೇ ಅಲ್ಲ ಅನ್ನುವಷ್ಟು ನೆಟ್ಟಗೆ, ಬೆನ್ನಿಗೆ ನಂಬರು ಕಟ್ಟಿಕೊಂಡು, ಕಣ್ಣು ಎತ್ತಿ ನಡೆದಳು. ಒಂದು ಸುತ್ತು ಸರಿಯಾಗಿ ಹಾಕಿದಳು. ಎರಡನೇ ಸುತ್ತಿನಲ್ಲಿ ಮುಖ ಪೂರ್ತಿ ಒದ್ದೆ. ಒರೆಸಿಕೊಳ್ಳಲಿಲ್ಲ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು, ಒರೆಸಿಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ನೋಡುತ್ತಿದ್ದವರೂ ಅಯ್ಯೋ ಪಾಪ ಅನ್ನಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಸುಮ್ಮನೆ ನೋಡಿದರು. ಕೂಗು ಏರುತ್ತ ಹೋಗಿ ಸಾವಿರದ ಇನ್ನೂರು ಡಾಲರಿಗೆ ನಿಂತಿತು. ಯಾರು ಅಂತ ತಿರುಗಿ ನೋಡಿದರೆ, ಮೂರನೇ ಸಾಲಿನಲ್ಲಿ ನಮ್ಮ ಟೈರ್ ಅಂಗಡಿಯವನು. ಟೋಪಿ ತೆಗೆದು ಹುಡುಗಿಗೆ ತಲೆ ಬಾಗಿಸಿದ.

ಕಾರಿಗೆ ಟೈರು ಹಾಕಿಸಿಕೊಂಡು ಹೊರಡುವಾಗ ಏಳೂವರೆ. ಮತ್ತೆ ಫೇರಿನ ಗೇಟಿನ ಮುಂದೆಯೇ ದಾರಿ. ಆ ಹುಡುಗಿ ತನ್ನ ಅಪ್ಪನ ಪಿಕಪ್ ಹತ್ತಿರ ನಿಂತಿದ್ದಳು. ಹೆಗಲ ಮೇಲೆ ಬಿಸ್ಕೆಟ್‌ನ ಮುಖಕ್ಕೆ ಕಟ್ಟುತ್ತಿದ್ದ ಚರ್ಮದ ಪಟ್ಟಿ, ಅದರ ಚೈನು ಎದೆಯ ಮೇಲೆ ಇಳಿಬಿದ್ದಿತ್ತು. ಪ್ರದರ್ಶನದ ಹಗ್ಗವನ್ನು ಅವರೂ ಕೊಡುವುದಿಲ್ಲ. ಮಗಳು ಕಿಟಕಿ ಇಳಿಸಿ ಕೈ ಬೀಸಿದಳು. ಅವಳು ಬೀಸಲಿಲ್ಲ, ನೋಡಲಿಲ್ಲ ಅನ್ನಿಸುತ್ತದೆ.

ಆ ರಾತ್ರಿ ನೆಬ್ರಾಸ್ಕಾದ ಮೋಟೆಲಿನಿಂದ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಚಿಕ್ಕಪ್ಪ ಜೋಳದ ಹೊಲಕ್ಕೆ ನೀರು ಬಿಡಲು ಹೊರಟಿದ್ದರು. ಈಗ ನಮ್ಮೂರ ತುಂಬಾ ಮುಸುಕಿನ ಜೋಳವೇ. ಕರಿಯ, ಬಿಳಿಯನ್ನು ಆವತ್ತು ಕೊಂಡವರು ಯಾವ ಊರಿನವರು ಅಂತ ಕೇಳಿದೆ. ಮೂವತ್ತು ವರ್ಷದ ಮೇಲೆ ಇದೇನು ಇವನಿಗೆ ಅಂತ ಚಿಕ್ಕಪ್ಪನಿಗೆ ಅನ್ನಿಸಿರಬೇಕು, ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಯಾವೂರೋ ಏನೋ ಕಣಪ್ಪ. ಅದನ್ನೆಲ್ಲ ಕೇಳ್ಬಾರ್ದು ಅಂತಿದ್ರು ಅಪ್ಪ."

"ಹಗ್ಗ ತಂದಿದ್ವಲ್ಲ, ಅದೇನಾಯ್ತು?"

"ಅದಾ? ಹುಣಸೆ ಮರಕ್ಕೆ ನಿಂಗೆ ಉಯ್ಯಾಲೆ ಕಟ್ಟಿದ್ದು ಅದ್ರಲ್ಲೇ ಅಲ್ವೇನೋ."